ಬಿಲ್ಲೆಯ ಸುತ್ತಲೂ ಬೆಳೆದದ್ದು

ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದೆ. ನಂಬಿಕೆ ಬರಲಿಲ್ಲ. ಮುಚ್ಚಳ ತೆಗೆದು, ಅಡಿಯಲ್ಲಿ ಕಪ್ಪು ಕಾಗದ ಇಟ್ಟು ಮತ್ತೆ ನೋಡಿದೆ. ಆರು ಬಿಲ್ಲೆಗಳಲ್ಲಿ ನಾಲ್ಕರ ಅಂಚಿನವರೆಗೂ ಬ್ಯಾಕ್ಟೀರಿಯಾ ಹಸಿ ಹಿಟ್ಟು ಬಳಿದ ಹಾಗೆ ದಟ್ಟವಾಗಿ ಬೆಳೆದಿತ್ತು.

ಈ ಕೆಲಸದ ಪರಿಚಯ ಇಲ್ಲದವರಿಗೆ ಇಷ್ಟು ಹೇಳಬೇಕು. ರೋಗಿಯ ರಕ್ತದಿಂದಲೋ ಕೀವಿನಿಂದಲೋ ಬೆಳೆಸಿದ ಬ್ಯಾಕ್ಟೀರಿಯಾವನ್ನು ಅಗರ್ ಎಂಬ ಪೋಷಕ ಲೋಳೆ ತುಂಬಿದ ಗಾಜಿನ ತಟ್ಟೆಯ ಮೇಲೆ ತೆಳುವಾಗಿ ಹಚ್ಚುತ್ತೇವೆ. ಅದರ ಮೇಲೆ ಕಾಗದದ ಸಣ್ಣ ಬಿಲ್ಲೆಗಳನ್ನು ಇಡುತ್ತೇವೆ. ಒಂದೊಂದು ಬಿಲ್ಲೆಯೂ ಒಂದೊಂದು ಆ್ಯಂಟಿಬಯಾಟಿಕ್ ಹೀರಿಕೊಂಡಿರುತ್ತದೆ. ಮಾರನೆಯ ಬೆಳಿಗ್ಗೆ ನೋಡಿದರೆ, ಆ ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಬಿಲ್ಲೆಯ ಹತ್ತಿರ ಬೆಳೆಯದೆ ಸುತ್ತಲೂ ದುಂಡಗೆ ಬಯಲು ಬಿಟ್ಟಿರುತ್ತದೆ. ಆ ಬಯಲನ್ನು ಸ್ಕೇಲಿಟ್ಟು ಅಳೆದು, ಯಾವ ಔಷಧಿ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಬರೆದು ಕಳಿಸುತ್ತೇವೆ. ಬಯಲೇ ಇಲ್ಲ ಎಂದರೆ ಆ ಔಷಧಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಆ ತಟ್ಟೆ, ರಕ್ತ ತೆಗೆದಾಗ ಐದು ದಿನದ್ದಾಗಿದ್ದ ಒಂದು ಗಂಡುಮಗುವಿನದು. ಎಳೆಮಕ್ಕಳ ವಾರ್ಡಿನಲ್ಲಿ ಸೋಂಕು ಕಂಡಕೂಡಲೇ ಕೊಡುತ್ತಿದ್ದ ಜೆಂಟಾಮೈಸಿನ್, ಸೆಫೊಟಾಕ್ಸಿಮ್ ಎರಡರ ಸುತ್ತಲೂ ಬಯಲಿಲ್ಲ. ಅಮಿಕಾಸಿನ್ ಎಂಬ ಔಷಧಿಯ ಸುತ್ತ ಮಾತ್ರ ಸ್ವಚ್ಛವಾದ ವೃತ್ತವಿತ್ತು. ಸಿಪ್ರೋಫ್ಲಾಕ್ಸಾಸಿನ್ ಸುತ್ತ ಒಂದು ವೃತ್ತವಿದ್ದರೂ ಅದರೊಳಗೆ ಉಸಿರು ಬಿಟ್ಟ ಕನ್ನಡಿಯಂತೆ ಮಸುಕು ಮಸುಕಾಗಿ ಏನೋ ಬೆಳೆದಿತ್ತು.

ಅಂದು ಸೋಮವಾರ. ವಾರ್ಡಿಗೆ ಫೋನ್ ಮಾಡಿದೆ. ಇನ್‌ಚಾರ್ಜ್ ಸಿಸ್ಟರ್ ಎತ್ತಿಕೊಂಡರು. ಐವತ್ತು ದಾಟಿದ್ದ ಹೆಂಗಸು, ವರ್ಷಗಟ್ಟಲೆಯಿಂದ ಆ ವಾರ್ಡು ಅವರದೇ ಮನೆಯಂತಿತ್ತು.

"ಗುರುವಾರ ರಕ್ತ ತೆಗೆದ ಮಗುವಿನ ರಿಪೋರ್ಟ್ ಬಂದಿದೆ ಸಿಸ್ಟರ್, ಔಷಧಿ ಬದಲಾಯಿಸ್ಬೇಕು" ಎಂದೆ.

"ಅದು ನಿನ್ನೆ ಬೆಳಿಗ್ಗೆನೇ ಹೋಗ್ಬುಡ್ತು ಕಣಮ್ಮ" ಎಂದರು. "ಪಕ್ಕದ ತೊಟ್ಟಿಲಿನ ಹೆಣ್ಣುಮಗೂನೂ ಹಾಲು ಬಿಟ್ಟಿದೆ. ಅದರ ರಕ್ತದ ಬಾಟಲಿ ಏನಾಯ್ತು ನೋಡು."

ಆ ಬಾಟಲಿ ನಮ್ಮ ಪ್ರಯೋಗಾಲಯದ ಇನ್‌ಕ್ಯುಬೇಟರಿನಲ್ಲಿ, ಬೆಚ್ಚಗಿಡುವ ಪೆಟ್ಟಿಗೆಯಲ್ಲಿತ್ತು. ಶನಿವಾರ ತಿಳಿಯಾಗಿದ್ದ, ರಕ್ತ ಬೆರೆಸಿದ ಹಳದಿ ಪೋಷಕ ದ್ರವ ಮೋಡ ಕವಿದಂತಾಗಿತ್ತು, ಎಂದರೆ ಒಳಗೆ ಬ್ಯಾಕ್ಟೀರಿಯಾ ಬೆಳೆದಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ಮೈಸೂರಿನಲ್ಲಿ ಬೇಸಿಗೆ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಪ್ರಯೋಗಾಲಯ ದೊಡ್ಡದೇನಲ್ಲ. ವಿಭಾಗದ ಮುಖ್ಯಸ್ಥೆಯಾದ ಡಾಕ್ಟರ್ ಮೇಡಂ, ನಾನು, ಗಾಜಿನ ಸಾಮಾನು ತೊಳೆಯುವ ಒಬ್ಬ ಸಹಾಯಕಿ, ಇಷ್ಟೇ ಜನ. ಕೂದಲೆಳೆಯಂಥ ರಕ್ತನಾಳಗಳಿರುವ ಎಳೆಮಕ್ಕಳಿಂದ ರಕ್ತ ತೆಗೆಯುವುದು ಎಲ್ಲರಿಗೂ ಸುಲಭವಲ್ಲ. ನನಗದು ಒಲಿದಿತ್ತು. ದಿನಾ ಬೆಳಿಗ್ಗೆ ಎಂಟೂವರೆಗೆ ವಾರ್ಡಿಗೆ ಹೋಗಿ ಕಾಮಾಲೆಯ ಪರೀಕ್ಷೆಗೋ ಇನ್ನೊಂದಕ್ಕೋ ಹೇಳಿದ ಮಕ್ಕಳಿಂದೆಲ್ಲ ನಾನೇ ರಕ್ತ ತೆಗೆಯುತ್ತಿದ್ದೆ. ಒಂದೇ ಸಲಕ್ಕೆ ಸಿಗುತ್ತದೆ ಎಂದು ನರ್ಸುಗಳು ಹೇಳುವಾಗ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಬಯಲು ಬಾರದ ತಟ್ಟೆ ನೋಡಿದಾಗ ನನಗೆ ಮೊದಲು ಬಂದದ್ದು ಮಗುವಿನ ಯೋಚನೆಯಲ್ಲ, ಬಿಲ್ಲೆಗಳ ಯೋಚನೆ. ಹಿಂದಿನ ವರ್ಷ ಎರಡು ದಿನ ಸತತವಾಗಿ ಕರೆಂಟ್ ಹೋಗಿ ಫ್ರಿಜ್ಜಿನೊಳಗೆ ಬಿಲ್ಲೆಗಳು ಬೆವೆತು ಶಕ್ತಿ ಕಳೆದುಕೊಂಡಿದ್ದವು. ಗೊತ್ತಾಗದೆ ನಾನು ಅವನ್ನೇ ಬಳಸಿ, ಐದು ಜನ ರೋಗಿಗಳಿಗೆ ಯಾವ ಔಷಧಿಯೂ ಆಗುವುದಿಲ್ಲ ಎಂದು ಬರೆದು ಕಳಿಸಿದ್ದೆ. ಸತ್ಯ ಗೊತ್ತಾದ ಮೇಲೆ ಮಕ್ಕಳ ಡಾಕ್ಟರು ಎಲ್ಲರೆದುರು ಗದರಿದ್ದರು. ಅಂದಿನಿಂದ ನನ್ನ ರಿಪೋರ್ಟನ್ನು ಅವರು ಓದುವ ರೀತಿಯೇ ಬೇರೆಯಾಗಿತ್ತು.

ಆದ್ದರಿಂದ ಸೋಮವಾರವೇ ಹೊಸ ಡಬ್ಬಿಯ ಬಿಲ್ಲೆ ತೆಗೆದು ಎರಡು ತಟ್ಟೆ ಹಾಕಿದೆ. ಒಂದರಲ್ಲಿ ಮಗುವಿನ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಎಲ್ಲ ಔಷಧಿಗೂ ಬಗ್ಗುತ್ತದೆಂದು ಗೊತ್ತಿರುವ, ಪರೀಕ್ಷೆಗೆಂದೇ ಸಾಕಿಕೊಂಡಿರುವ ಬ್ಯಾಕ್ಟೀರಿಯಾ. ಎರಡರಲ್ಲೂ ಬಯಲು ಬಾರದಿದ್ದರೆ ತಪ್ಪು ಬಿಲ್ಲೆಗಳದು. ಮಂಗಳವಾರ ಬೆಳಿಗ್ಗೆ ಸಾಕಿದ ಬ್ಯಾಕ್ಟೀರಿಯಾದ ತಟ್ಟೆಯಲ್ಲಿ ಆರೂ ವೃತ್ತಗಳು ಅಚ್ಚುಕಟ್ಟಾಗಿ ಬಂದಿದ್ದವು. ಮಗುವಿನದರಲ್ಲಿ ಹಿಂದಿನ ದಿನ ಕಂಡದ್ದೇ.

ಬಿಲ್ಲೆಗಳದೇ ತಪ್ಪಾಗಿದ್ದರೆ ಚೆನ್ನಾಗಿತ್ತು ಎಂದು ನನಗೆ ಆಗ ಅನ್ನಿಸಿತು.

ಮೇಡಂ ತಟ್ಟೆ ನೋಡಿ, ಸ್ಲೈಡ್ ನೋಡಿ, "ಕ್ಲೆಬ್ಸಿಯೆಲ್ಲಾ" ಎಂದರು. ಹೊಟ್ಟೆಯಲ್ಲಿ, ನೀರಿನಲ್ಲಿ, ಎಲ್ಲೆಂದರಲ್ಲಿ ಇರುವ ಬ್ಯಾಕ್ಟೀರಿಯಾ ಅದು. "ಎಲ್ಲ ಕಡೆ ಇರೋ ಪ್ರಾಣಿನೇ. ಆದರೆ ಇದು ಆಸ್ಪತ್ರೆಯಲ್ಲೇ ಬೆಳೆದು ಪಳಗಿರೋದು. ಎರಡು ಮಕ್ಕಳಲ್ಲೂ ಒಂದೇ ಇದ್ದರೆ ಎಲ್ಲೋ ಒಂದು ಕಡೆ ಕೂತ್ಕೊಂಡು ಹರಡ್ತಾ ಇದೆ." ಮಕ್ಕಳ ಡಾಕ್ಟರನ್ನು ಪ್ರಯೋಗಾಲಯಕ್ಕೇ ಕರೆಸಿದರು.

ಅವರು ತಟ್ಟೆಯನ್ನು ನೋಡದೆ ನನ್ನನ್ನು ನೋಡಿದರು. "ಕಳೆದ ವರ್ಷದ ಕತೆ ಆಗಬಾರದು ಕಣ್ರೀ. ಅಮಿಕಾಸಿನ್ ಅಂದ್ರೆ ಎಳೆಮಗೂಗೆ ಕಿಡ್ನಿ ಹೋಗಬಹುದು, ಕಿವಿ ಹೋಗಬಹುದು. ನಿಮ್ಮ ಒಂದು ವೃತ್ತ ನಂಬ್ಕೊಂಡು ನಾನು ಕೊಡಬೇಕು."

ನಾನು ಸಾಕಿದ ಬ್ಯಾಕ್ಟೀರಿಯಾದ ತಟ್ಟೆಯನ್ನು ಅವರ ಮುಂದೆ ತಳ್ಳಿದೆ. ಸ್ಕೇಲನ್ನೂ ಕೊಟ್ಟೆ. ಅವರೇ ಅಳೆದು ನೋಡಿ, ಸ್ಕೇಲನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ಎರಡನೆಯ ಮಗುವಿಗೆ ಅಮಿಕಾಸಿನ್ ಶುರುವಾಯಿತು. ಒಂದು ಮಗು ಸತ್ತ ಸುದ್ದಿ ಕೇಳಿ ಹೆದರಿದ್ದ ಆ ಮಗುವಿನ ಮನೆಯವರು ಮಾರನೆಯ ದಿನವೇ ಬಲವಂತವಾಗಿ ಬಿಡಿಸಿಕೊಂಡು ಬೇರೆ ಆಸ್ಪತ್ರೆಗೆ ಹೋದರು. ಆಮೇಲೆ ಅದು ಏನಾಯಿತೋ ನಮಗೆ ಗೊತ್ತಾಗಲಿಲ್ಲ.

ಬುಧವಾರ ಮೇಡಂ ಮತ್ತು ನಾನು ವಾರ್ಡನ್ನು ಜಾಲಾಡಿದೆವು. ನಲ್ಲಿಯ ಬಾಯಿ, ಸಿಂಕ್, ತೊಟ್ಟಿಲಿನ ಹಾಸಿಗೆ, ಕಫ ಎಳೆಯುವ ನಳಿಕೆ, ಆಕ್ಸಿಜನ್ ಹಾಯುವ ನೀರಿನ ಬಾಟಲಿ, ಥರ್ಮಾಮೀಟರು, ಹಾಲು ಕುಡಿಸುವ ಒಳಲೆ, ಚರ್ಮ ಒರೆಸುವ ಹತ್ತಿಯ ಜಾಡಿ, ಬಾಗಿಲ ಹಿಡಿ. ಒಂದೊಂದಕ್ಕೂ ಹತ್ತಿಕಡ್ಡಿ ಸವರಿ ಪೋಷಕ ದ್ರವದ ಟ್ಯೂಬಿನಲ್ಲಿ ಹಾಕಿಕೊಂಡೆವು. ಸಿಸ್ಟರು ಕೈಕಟ್ಟಿ ನಿಂತು ನೋಡುತ್ತಿದ್ದರು.

"ನನ್ನ ವಾರ್ಡು ಗಲೀಜು ಅಂತ ಬರೀತೀರೇನೋ?" ಎಂದರು.

"ಯಾರು ಗಲೀಜು ಅಂತ ಹುಡುಕ್ತಾ ಇಲ್ಲ ಸಿಸ್ಟರ್, ಎಲ್ಲಿದೆ ಅಂತ ಹುಡುಕ್ತಾ ಇದೀವಿ" ಎಂದರು ಮೇಡಂ.

ಶುಕ್ರವಾರದ ಹೊತ್ತಿಗೆ ಆ ಟ್ಯೂಬುಗಳು ಬಹುಪಾಲು ತಿಳಿಯಾಗಿಯೇ ಉಳಿದವು. ಸಿಂಕಿನಲ್ಲಿ ಏನೋ ಬೆಳೆದಿತ್ತು, ಆದರೆ ಅದು ಬೇರೆ ಜಾತಿ. ಹತ್ತಿಯ ಜಾಡಿಯದರಲ್ಲಿ ಏನೂ ಇರಲಿಲ್ಲ. ಅದು ಆ್ಯಂಟಿಸೆಪ್ಟಿಕ್‌ನಲ್ಲಿ ಮುಳುಗಿಸಿಟ್ಟ ಹತ್ತಿ, ಏನೂ ಬೆಳೆಯದಿರುವುದೇ ಸಹಜ ಎಂದು ಅಡ್ಡಗೆರೆ ಹಾಕಿದೆ.

ಅಷ್ಟರಲ್ಲಿ ಮೂರನೆಯ ಮಗು ಕಾಯಿಲೆ ಬಿದ್ದಿತ್ತು.

ಅದು ಕೆಸರೆಯಿಂದ ಬಂದಿದ್ದ, ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ಹೆಂಗಸಿನ ಮಗು. ಎರಡು ಹೆರಿಗೆಯಲ್ಲಿ ಕೂಸು ಕಳೆದುಕೊಂಡ ಮೇಲೆ ಹುಟ್ಟಿದ ಹೆಣ್ಣುಮಗು, ತೂಕ ಕಡಿಮೆ ಎಂದು ಒಳಗಿಟ್ಟಿದ್ದರು. ಗುರುವಾರ ಬೆಳಿಗ್ಗೆ ನಾನು ರಕ್ತ ತೆಗೆಯಲು ಹೋದಾಗ ಮಗು ಚುಚ್ಚಿದರೂ ಅಳಲಿಲ್ಲ. ತಾಯಿ ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದಳು.

"ಎಂಗದೆ ಅಕ್ಕಾ ನನ್ ಕೂಸು? ಯಾರೂ ಏನೂ ಏಳಾಕಿಲ್ಲ. ನೀವಾರಾ ಏಳಿ."

"ಪರೀಕ್ಷೆ ಮಾಡ್ತೀವಮ್ಮ" ಎಂದೆ. ಹಾಗೆ ಹೇಳಿ ಅವಳ ಕಣ್ಣು ತಪ್ಪಿಸಿ ಬಂದೆ.

ಶುಕ್ರವಾರ ಬೆಳಿಗ್ಗೆ ಅದರ ಬಾಟಲಿಯೂ ಕಲಕಿತ್ತು.

ವಸ್ತುಗಳಲ್ಲಿ ಸಿಗದಿದ್ದ ಮೇಲೆ ಉಳಿದದ್ದು ಕೈಗಳು. ಅದಕ್ಕೂ ಗುರುವಾರವೇ ಮೇಡಂ ವ್ಯವಸ್ಥೆ ಮಾಡಿದ್ದರು. ವಾರ್ಡಿನಲ್ಲಿ ಮಗು ಮುಟ್ಟುವ ಪ್ರತಿಯೊಬ್ಬರೂ ಐದು ಬೆರಳಿನ ತುದಿಯನ್ನು ಒಂದು ತಟ್ಟೆಯ ಮೇಲೆ ಒತ್ತಬೇಕು. ಯಾರಿಗೂ ಅವಮಾನವಾಗದಿರಲೆಂದು ತಟ್ಟೆಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ. ನರ್ಸುಗಳು, ಆಯಾಗಳು, ಡಾಕ್ಟರು ಎಲ್ಲರೂ ಒತ್ತಿದರು. ಕೊನೆಗೆ ಸಿಸ್ಟರು, "ನಮ್ಮ ಕೈ ಮಾತ್ರ ಯಾಕಮ್ಮ? ದಿನಾ ಬಂದು ಮಕ್ಕಳನ್ನ ಮುಟ್ಟೋಳು ನೀನೂ ಅಲ್ವಾ? ನೀನೂ ಒತ್ತು" ಎಂದಿದ್ದರು. ನಾನು ಆಗಷ್ಟೇ ಕೊನೆಯ ಮಗುವಿನ ರಕ್ತ ತೆಗೆದು ಮುಗಿಸಿದ್ದೆ. ನಗುತ್ತಲೇ ಒತ್ತಿದೆ. ಹನ್ನೆರಡನೆಯ ಸಂಖ್ಯೆ.

ಶುಕ್ರವಾರ ಆ ತಟ್ಟೆಗಳನ್ನು ಓದುವಾಗ ಪ್ರಯೋಗಾಲಯದಲ್ಲಿ ನಾನೊಬ್ಬಳೇ ಇದ್ದೆ. ಒಂದರಿಂದ ಆರರವರೆಗೆ ಏನೂ ವಿಶೇಷವಿಲ್ಲ. ಏಳರಲ್ಲಿ, ಒಬ್ಬ ನರ್ಸಿನದರಲ್ಲಿ, ಎರಡು ಬೆರಳಿನ ಜಾಗದಲ್ಲಿ ಗುಲಾಬಿ ಬಣ್ಣದ, ಲೋಳೆಲೋಳೆಯಾದ ಗುಳ್ಳೆಗಳು. ಕ್ಲೆಬ್ಸಿಯೆಲ್ಲಾ ಆ ತಟ್ಟೆಯಲ್ಲಿ ಬೆಳೆಯುವುದೇ ಹಾಗೆ. ಎಂಟು, ಒಂಬತ್ತು, ಹತ್ತು, ಹನ್ನೊಂದು ಸರಿ ಇದ್ದವು. ಹನ್ನೆರಡನೆಯ ತಟ್ಟೆಯ ಮುಚ್ಚಳ ತೆಗೆದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಒತ್ತಿದ್ದ ಮೂರು ಜಾಗಗಳಲ್ಲೂ ಬೆರಳಿನದೇ ಆಕಾರದಲ್ಲಿ ಗುಲಾಬಿ ಲೋಳೆ ತುಂಬಿ ನಿಂತಿತ್ತು.

ಹೆಬ್ಬೆರಳು, ತೋರುಬೆರಳು, ನಡುಬೆರಳು. ಮಗುವಿನ ಕಾಲನ್ನು ನಾನು ಹಿಡಿಯುವುದು ಆ ಮೂರರಲ್ಲೇ. ಸತ್ತ ಮಗುವಿನಿಂದ ಅದರ ಮೂರನೆಯ ದಿನ ಕಾಮಾಲೆ ಪರೀಕ್ಷೆಗೆ ರಕ್ತ ತೆಗೆದವಳು ನಾನು. ಅದಕ್ಕೆ ಜ್ವರ ಬಂದದ್ದು ಆಮೇಲೆ.

ಮನೆಯ ನೆನಪೂ ಬಂತು. ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಅಣ್ಣನ ಹೆಂಡತಿಗೆ ಎರಡು ತಿಂಗಳ ಕೂಸು. ಹಿಂದಿನ ಸಂಜೆ ಕೂಡ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿಸಿದ್ದೆ, ಅದು ನನ್ನ ಬೆರಳನ್ನು ಬಾಯಿಗೆಳೆದುಕೊಂಡು ಚೀಪಿತ್ತು.

ಬಳಸಿದ ತಟ್ಟೆಗಳನ್ನು ಬೇಯಿಸಲು ಹಾಕುವ ಬಕೆಟ್ ಕಾಲ ಬಳಿಯೇ ಇತ್ತು. ಅದರಲ್ಲಿ ಹನ್ನೆರಡನೆಯ ತಟ್ಟೆ ಹಾಕಿಬಿಟ್ಟರೆ ಅಲ್ಲಿಗೆ ಮುಗಿಯಿತು. ಪಟ್ಟಿ ನನ್ನ ಬಳಿಯೇ ಇದೆ, ಕೇಳುವವರಿಲ್ಲ. ಏಳನೆಯದು ಸಿಕ್ಕಿದೆ, ಅಷ್ಟೇ ಸಾಕು ಎಂದು ಎಲ್ಲರೂ ಒಪ್ಪುತ್ತಾರೆ. ಆ ನರ್ಸನ್ನು ವಾರ್ಡಿನಿಂದ ತೆಗೆಯುತ್ತಾರೆ. ಇದನ್ನೆಲ್ಲ ನಾನು ಯೋಚಿಸಿದೆ. ಯೋಚಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ತಟ್ಟೆಯನ್ನು ಕೈಯಲ್ಲಿ ಹಿಡಿದು ಬಕೆಟ್ಟಿನ ಮುಚ್ಚಳವನ್ನೂ ತೆಗೆದಿದ್ದೆ.

ನನ್ನನ್ನು ತಡೆದದ್ದು ಒಳ್ಳೆಯತನವಲ್ಲ, ಹೆದರಿಕೆ. ಆ ನರ್ಸನ್ನು ಕಳಿಸಿದ ಮೇಲೂ ನಾಳೆ ಬೆಳಿಗ್ಗೆ ಎಂಟೂವರೆಗೆ ವಾರ್ಡಿಗೆ ಹೋಗಿ ಮಕ್ಕಳ ಕಾಲು ಹಿಡಿಯಬೇಕಾದವಳು ನಾನೇ. ನಾಲ್ಕನೆಯ ಮಗು ಬಿದ್ದರೆ? ಅದು ಯಾರಿಂದ ಎಂದು ನನಗೊಬ್ಬಳಿಗೇ ಗೊತ್ತಿರುತ್ತದೆ.

ಎರಡು ತಟ್ಟೆಗಳನ್ನೂ ಎತ್ತಿಕೊಂಡು ಮೇಡಂ ಕೋಣೆಗೆ ಹೋದೆ. "ಏಳು ನರ್ಸಿಂದು. ಹನ್ನೆರಡು ನಂದು ಮೇಡಂ" ಎಂದೆ.

ಅವರು ತಟ್ಟೆಯನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಕೂತ್ಕೊ" ಎಂದರು. "ವಾರ್ಡಲ್ಲಿ ನೀನಿರೋದು ಅರ್ಧ ಗಂಟೆ. ಇಡೀ ದಿನ ಇರೋರ ಕೈಗಿಂತ ನಿನ್ನ ಕೈಯಲ್ಲೇ ಜಾಸ್ತಿ ಇದೆ. ಯಾಕೆ? ಒಳಗೆ ಕಾಲಿಟ್ಟ ಮೇಲೆ ಏನೇನು ಮುಟ್ತೀಯ, ಒಂದೊಂದಾಗಿ ಹೇಳು."

ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದೆ. ಬಾಗಿಲು. ನಲ್ಲಿ. ಸೋಪು. ಸಿರಿಂಜಿನ ಕವರು. ಮಗುವಿನ ಕಾಲು. ಜಾಡಿಯಿಂದ ಒಂದು ಹತ್ತಿ ತೆಗೆದು ಹಿಂಡಿ ಚರ್ಮ ಒರೆಸುತ್ತೇನೆ. ಚುಚ್ಚುತ್ತೇನೆ. ಇನ್ನೊಂದು ಹತ್ತಿ ತೆಗೆದು ಒತ್ತುತ್ತೇನೆ. ಮುಂದಿನ ಮಗು.

"ಹತ್ತಿ ಹೇಗೆ ತೆಗೀತೀಯ?"

ಮೂರು ಬೆರಳು ಮುಂದೆ ಚಾಚಿ ತೋರಿಸಿದೆ. ತೋರಿಸುತ್ತಿದ್ದ ಹಾಗೆಯೇ ನನಗೆ ಅರ್ಥವಾಯಿತು. "ಆದರೆ ಜಾಡಿಯಲ್ಲಿ ಏನೂ ಬೆಳೀಲಿಲ್ಲ ಮೇಡಂ" ಎಂದೆ.

ಅವರು ಹಣೆ ಒತ್ತಿಕೊಂಡರು. "ನನ್ನ ತಪ್ಪು. ಹತ್ತಿಕಡ್ಡಿ ಜೊತೆಗೆ ಆ್ಯಂಟಿಸೆಪ್ಟಿಕ್ ಕೂಡ ಟ್ಯೂಬಿಗೆ ಬಂತಲ್ಲ. ಜೀವ ಇದ್ದರೂ ಬೆಳೆಯೋಕೆ ಬಿಡಲ್ಲ ಅದು. ತುಂಬ ತೆಳುವಾಗಿಸಿ ನೋಡಬೇಕಿತ್ತು."

ಇಬ್ಬರೂ ಹೆಚ್ಚುಕಡಿಮೆ ಓಡಿಕೊಂಡೇ ವಾರ್ಡಿಗೆ ಹೋದೆವು. ಜಾಡಿ ಎಂದಿನ ಜಾಗದಲ್ಲಿ, ಕಿಟಕಿ ಪಕ್ಕದ ಟ್ರಾಲಿಯ ಮೇಲಿತ್ತು. ಹಳದಿ ದ್ರವ, ಮೇಲೆ ತೇಲುವ ಬಿಳಿ ಹತ್ತಿ. ಮೇಡಂ ಚಿಮುಟವನ್ನು ತಳದವರೆಗೆ ಇಳಿಸಿ ಹತ್ತಿ ಎಳೆದರು. ಕೆಳಗಿನ ಹತ್ತಿ ಕಂದು ಬಣ್ಣಕ್ಕೆ ತಿರುಗಿ ನೂಲುನೂಲಾಗಿ ಜಾರುತ್ತಿತ್ತು.

"ಇದನ್ನ ಯಾವಾಗ ತೊಳೆದದ್ದು ಸಿಸ್ಟರ್?"

ಸಿಸ್ಟರ ಮುಖದಲ್ಲಿ ರಕ್ತವಿರಲಿಲ್ಲ. "ಕಡಿಮೆ ಆದಾಗ ತುಂಬ್ತೀವಿ ಡಾಕ್ಟ್ರೇ. ಔಷಧಿ ಹಾಕಿ, ನಲ್ಲಿ ನೀರು ಬೆರೆಸಿ... ಅದು ಔಷಧಿನೇ ಅಲ್ವಾ, ಅದನ್ನ ಯಾರು ತೊಳೀತಾರೆ?" ಅವರ ಕೈ ಯೂನಿಫಾರ್ಮಿನ ಜೇಬಿನಲ್ಲಿದ್ದ ಜಪಸರವನ್ನು ಹುಡುಕುತ್ತಿತ್ತು. "ಯೇಸುವೇ, ನಾನೇ ಎಷ್ಟು ಸಲ ತುಂಬಿದೀನಿ."

ನೀರು ಬೆರೆತು ತೆಳುವಾದ ಔಷಧಿ ಕೊಳೆತ ಹತ್ತಿಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಬಲವಾಗಿರಲಿಲ್ಲ. ಅವರನ್ನು ಸಮಾಧಾನ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಚರ್ಮ ಶುದ್ಧ ಮಾಡುತ್ತೇನೆಂದುಕೊಂಡು ದಿನಾ ಬೆಳಿಗ್ಗೆ ಒಂದೊಂದು ಮಗುವಿಗೂ ನಾನು ಬ್ಯಾಕ್ಟೀರಿಯಾ ಹಚ್ಚಿ, ಹಚ್ಚಿದ ಜಾಗದಲ್ಲೇ ಸೂಜಿ ಚುಚ್ಚುತ್ತಿದ್ದೆ.

ಜಾಡಿ ಆ ಕ್ಷಣವೇ ವಾರ್ಡಿನಿಂದ ಹೊರಗೆ ಹೋಯಿತು. ದ್ರವದ ಒಂದೇ ಹನಿಯನ್ನು ದೊಡ್ಡ ಫ್ಲಾಸ್ಕಿನ ತುಂಬ ಇದ್ದ ಪೋಷಕ ದ್ರವಕ್ಕೆ ಬಿಟ್ಟು ಇನ್‌ಕ್ಯುಬೇಟರಿಗೆ ಇಟ್ಟೆವು.

ವಿಷಯ ಕೇಳಿದ ಮಕ್ಕಳ ಡಾಕ್ಟರು ಒಂದು ಪ್ರಶ್ನೆ ಎತ್ತಿದರು. ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. "ಹಾಗಾದರೆ ಈ ಕೆಸರೆ ಮಗುವಿನ ರಕ್ತದಲ್ಲಿ ಅದು ಇದೆಯೋ ಇಲ್ಲವೋ? ಹತ್ತಿಯಿಂದ ಚರ್ಮಕ್ಕೆ, ಚರ್ಮದಿಂದ ಸೂಜಿಗೆ, ಸೂಜಿಯಿಂದ ನಿಮ್ಮ ಬಾಟಲಿಗೆ ಬಂದಿರಬಹುದಲ್ಲ? ಮಗು ಬೇರೆ ಯಾವುದೋ ಕಾರಣಕ್ಕೆ ಮಂಕಾಗಿದ್ದರೆ? ಆಗಲೇ ಮೂತ್ರ ಕಡಿಮೆಯಾಗಿದೆ. ಈಗ ಅಮಿಕಾಸಿನ್ ಕೊಟ್ಟರೆ ಕಿಡ್ನಿ ನಾನೇ ಕೆಡಿಸಿದ ಹಾಗೆ."

"ಕೊಡದಿದ್ದರೆ?" ಎಂದರು ಮೇಡಂ.

"ಗೊತ್ತು. ಆ ಗಂಡುಮಗುವಿನ ಹಾಗೇ ಆಗುತ್ತೆ."

ಕೊನೆಗೆ ಮೇಡಂ ಒಂದು ದಾರಿ ಹೇಳಿದರು. ಹೊಸ ಸ್ಪಿರಿಟ್ ಬಾಟಲಿ ಒಡೆದು, ಬೇಯಿಸಿದ ಹತ್ತಿಯಿಂದ ಒರೆಸಿ, ಮಗುವಿನ ಇದುವರೆಗೆ ಚುಚ್ಚದ ಕೈಯಿಂದ ಈಗಲೇ ಮತ್ತೊಮ್ಮೆ ರಕ್ತ ತೆಗೆಯುವುದು. ಬ್ಯಾಕ್ಟೀರಿಯಾ ನಿಜವಾಗಿ ರಕ್ತದಲ್ಲಿದ್ದರೆ ಈ ಬಾಟಲಿಯಲ್ಲೂ ಬರುತ್ತದೆ. ರಕ್ತ ತೆಗೆದ ಮರುಕ್ಷಣವೇ ಅಮಿಕಾಸಿನ್ ಶುರು ಮಾಡುವುದು. ನಾಳೆ ಬಾಟಲಿ ತಿಳಿಯಾಗಿಯೇ ಉಳಿದರೆ ನಿಲ್ಲಿಸುವುದು. ಡಾಕ್ಟರು ಒಪ್ಪಿದರು.

ರಕ್ತ ಯಾರು ತೆಗೆಯುವುದು? ನಾನು ಹಿಂದೆ ಸರಿದೆ. "ನನ್ನಿಂದ ಆಗಲ್ಲ ಸಿಸ್ಟರ್, ನನ್ನ ಕೈ..."

"ನೀನು ಬಿಟ್ರೆ ಬೇರೆಯವರು ನಾಲ್ಕು ಸಲ ಚುಚ್ತಾರೆ. ಆ ಕೂಸು ತಡೆಯುತ್ತಾ?" ಎಂದರು ಸಿಸ್ಟರು. ಗದರಿಕೆಯಿರಲಿಲ್ಲ, ಬೇಡಿಕೆಯಂತಿತ್ತು.

ಆಪರೇಷನ್ ಥಿಯೇಟರಿನಿಂದ ಬ್ರಷ್ಷು, ಗ್ಲೌಸು ತರಿಸಿದರು. ಕೈ ಉಜ್ಜಿಕೊಂಡು, ಗ್ಲೌಸು ಹಾಕಿಕೊಂಡು, ಮಗುವಿನ ಎಡಗೈ ಹಿಡಿದೆ. ಅದರ ಮಣಿಕಟ್ಟು ನನ್ನ ಹೆಬ್ಬೆರಳಿನಷ್ಟೇ ದಪ್ಪವಿತ್ತು. ಉಸಿರು ಬಿಗಿಹಿಡಿದು ಮನಸ್ಸಿನಲ್ಲೇ ಹತ್ತು ಎಣಿಸಿ ಚುಚ್ಚಿದೆ. ರಕ್ತ ಬಂತು. ಮಗು ಸಣ್ಣಗೆ ಒಮ್ಮೆ ಮುಲುಗಿತು.

ಆ ಸಂಜೆ ಮನೆಗೆ ಹೋದಾಗ ಅತ್ತಿಗೆ ಎಂದಿನಂತೆ ಕೂಸನ್ನು ನನ್ನ ಕಡೆ ಚಾಚಿದಳು. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಯಾಕೆ? ಏನಾಯ್ತು? ಒಂದ್ನಿಮಿಷ ಹಿಡ್ಕೊಳ್ಳೇ, ಒಲೆ ಮೇಲೆ ಹಾಲಿಟ್ಟು ಬಂದ್ಬುಟ್ಟಿದೀನಿ."

"ಬೇಡ ಅತ್ತಿಗೆ. ಕೆಳಗೆ ಮಲಗಿಸು" ಎಂದೆ. ಕೂಸು ಹಾಲು ಕುಡಿಯಿತೇ, ಮೈ ಬಿಸಿ ಇದೆಯೇ ಎಂದು ಮತ್ತೆ ಮತ್ತೆ ಕೇಳಿದೆ. ಅವಳು ಹೆದರಿ ಅಣ್ಣನಿಗೆ ಹೇಳಿದಳು. ಆಸ್ಪತ್ರೆಯಲ್ಲಿ ಜ್ವರ ಇದೆ ಎಂದಷ್ಟೇ ಹೇಳಿ ಹೋಗಿ ಮಲಗಿದೆ.

ಮಲಗಿಕೊಂಡು ನಾನು ಬೇಡಿಕೊಂಡದ್ದು ಒಂದೇ. ನಾಳೆ ಆ ಬಾಟಲಿ ತಿಳಿಯಾಗಿರಲಿ. ನನ್ನ ಮೊದಲಿನ ರಿಪೋರ್ಟು ಸುಳ್ಳಾಗಲಿ, ಮತ್ತೊಮ್ಮೆ ಎಲ್ಲರೆದುರು ಬೈಸಿಕೊಳ್ಳುತ್ತೇನೆ, ಕೆಲಸ ಹೋದರೂ ಹೋಗಲಿ. ಆ ಮಗುವಿನ ರಕ್ತದಲ್ಲಿ ನನ್ನ ಕೈಯದು ಇಲ್ಲ ಎಂದಾಗಲಿ.

ಶನಿವಾರ ಬೆಳಿಗ್ಗೆ ಬಾಟಲಿ ತೆಗೆದು ಬೆಳಕಿಗೆ ಹಿಡಿದೆ. ಕಲಕಿತ್ತು.

ಮಾಮೂಲಿ ಕ್ರಮದಲ್ಲಿ ಹೋದರೆ ಅದರ ಪೂರ್ತಿ ರಿಪೋರ್ಟಿಗೆ ಇನ್ನೂ ಎರಡು ದಿನ ಬೇಕು. ಮೊದಲು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿ, ಆಮೇಲೆ ಬಿಲ್ಲೆ ಇಡಬೇಕು. ಮೇಡಂ ಅಷ್ಟು ಕಾಯಲಿಲ್ಲ. ಬಾಟಲಿಯ ದ್ರವವನ್ನೇ ನೇರವಾಗಿ ತಟ್ಟೆಗೆ ಹಚ್ಚಿ ಬಿಲ್ಲೆ ಇಡಲು ಹೇಳಿದರು. ಅಳತೆ ಅಷ್ಟು ನಿಖರವಲ್ಲದಿದ್ದರೂ ಒಂದು ದಿನ ಮೊದಲೇ ಗೊತ್ತಾಗುತ್ತದೆ. ಅದರ ಪಕ್ಕದಲ್ಲೇ ಜಾಡಿಯ ಫ್ಲಾಸ್ಕಿನದು ಒಂದು ತಟ್ಟೆ, ನನ್ನ ಬೆರಳಿನದು ಇನ್ನೊಂದು.

ಭಾನುವಾರ ಮೂರು ತಟ್ಟೆಗಳನ್ನೂ ಸಾಲಾಗಿ ಕಪ್ಪು ಕಾಗದದ ಮೇಲೆ ಇಟ್ಟೆ. ಮೂರರಲ್ಲೂ ಅವೇ ನಾಲ್ಕು ಬಿಲ್ಲೆಗಳ ಸುತ್ತ ಬಯಲಿಲ್ಲ. ಮೂರರಲ್ಲೂ ಅಮಿಕಾಸಿನ್ ಸುತ್ತ ಒಂದೇ ಅಗಲದ ಬಯಲು. ಮೂರರಲ್ಲೂ ಸಿಪ್ರೋಫ್ಲಾಕ್ಸಾಸಿನ್ ವೃತ್ತದೊಳಗೆ ಅದೇ ಮಸುಕು. ಒಂದೇ ಕೈಬರಹದ ಮೂರು ಕಾಗದ ನೋಡಿದ ಹಾಗಿತ್ತು. ಒಂದು ಜಾಡಿ, ಒಂದು ಕೈ, ಒಂದು ಮಗು.

ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. "ಮುಂದುವರಿಸಿ ಸಾರ್. ಅಮಿಕಾಸಿನ್ ನಿಲ್ಲಿಸಬೇಡಿ."

"ಸರಿ" ಎಂದು, ಸ್ವಲ್ಪ ತಡೆದು, "ರಿಪೋರ್ಟ್ ಸರಿಯಾಗಿತ್ತು ಕಣ್ರೀ" ಎಂದರು. ಒಂದು ವರ್ಷದಿಂದ ಅವರ ಬಾಯಲ್ಲಿ ಕೇಳಬೇಕೆಂದು ಕಾದಿದ್ದ ಮಾತು. ಕೇಳಿ, ಫೋನಿಟ್ಟು, ಮೂರು ತಟ್ಟೆಗಳಿಗೂ ಮುಚ್ಚಳ ಹಾಕಿದೆ.

ಮಗು ಮೂರು ದಿನ ಹಾಗೂ ಹೀಗೂ ತೂಗಾಡಿತು. ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿತು ಎಂದು ಕೇಳಲು ನಾನು ನೆಪ ಹುಡುಕಿಕೊಂಡು ವಾರ್ಡಿಗೆ ಹೋಗುತ್ತಿದ್ದೆ, ಬಾಗಿಲಲ್ಲೇ ನಿಂತು ಕೇಳಿ ಬರುತ್ತಿದ್ದೆ. ನಾಲ್ಕನೆಯ ದಿನ ಸಿಸ್ಟರೇ ಪ್ರಯೋಗಾಲಯಕ್ಕೆ ಬಂದು, "ಒಳಲೆಯಲ್ಲಿ ಹಾಲು ಕುಡೀತು ಕಣಮ್ಮ" ಎಂದು ಹೇಳಿ, ಅಲ್ಲೇ ಸ್ಟೂಲಿನ ಮೇಲೆ ಕೂತು ಸೆರಗಿಲ್ಲದ ಯೂನಿಫಾರ್ಮಿನ ತೋಳಲ್ಲೇ ಕಣ್ಣೊರೆಸಿಕೊಂಡರು.

ಜಾಡಿ ಇಡುವ ಪದ್ಧತಿಯೇ ನಿಂತುಹೋಯಿತು. ಬೇಯಿಸಿದ ಒಣ ಹತ್ತಿ ಸಣ್ಣ ಸಣ್ಣ ಪೊಟ್ಟಣಗಳಲ್ಲಿ, ಸ್ಪಿರಿಟ್ ಸಣ್ಣ ಬಾಟಲಿಯಲ್ಲಿ, ದಿನಕ್ಕೊಂದು. ನಾಲ್ಕನೆಯ ಮಗು ಬೀಳಲಿಲ್ಲ. ನನ್ನ ಕೈಯನ್ನು ದಿನಾ ತಟ್ಟೆಗೆ ಒತ್ತಿ ನೋಡಿದೆ. ಸತತವಾಗಿ ಒಂದು ವಾರ ಏನೂ ಬೆಳೆಯದಿದ್ದ ಮೇಲೆ ಅಣ್ಣನ ಕೂಸನ್ನು ಎತ್ತಿಕೊಂಡೆ. ಅದಕ್ಕೆ ಏನೂ ಆಗಿರಲಿಲ್ಲ.

ಮೇಲಧಿಕಾರಿಗಳು ಎಲ್ಲರನ್ನೂ ಕೂರಿಸಿಕೊಂಡು, ನಡೆದದ್ದು ಆಸ್ಪತ್ರೆಯ ಗೇಟು ದಾಟಬಾರದು ಎಂದರು. ಮೇಡಂ ಎಲ್ಲವನ್ನೂ ಬರೆದು ಕಡತದಲ್ಲಿಟ್ಟರು. ಸತ್ತ ಗಂಡುಮಗುವಿನ ತಂದೆತಾಯಿಗಳಿಗೆ ಯಾರೂ ಹೇಳಲಿಲ್ಲ. ಅವರ ಊರಿನ ಹೆಸರು ದಾಖಲೆಯ ಕಾರ್ಡಿನಲ್ಲಿತ್ತು. ಒಂದು ದಿನ ಆ ಕಾರ್ಡು ತೆಗೆದು ವಿಳಾಸ ಬರೆದುಕೊಂಡೆ. ಪತ್ರ ಬರೆಯಲಿಲ್ಲ. ಇದನ್ನು ನಾನು ಈಗಲೂ ಯಾವ ಸಮಜಾಯಿಷಿಯಿಂದಲೂ ಮುಚ್ಚಲಾರೆ.

ಕೆಸರೆಯ ಮಗು ಮನೆಗೆ ಹೊರಟ ದಿನ ತಾಯಿ ಅದನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಪ್ರಯೋಗಾಲಯದ ಬಾಗಿಲಿಗೆ ಬಂದಳು. ಯಾರೋ ನರ್ಸು ಅವಳಿಗೆ ಹೇಳಿದ್ದರಂತೆ, ಯಾವ ಔಷಧಿ ಎಂದು ಕಂಡುಹಿಡಿದದ್ದು ನಾನು ಎಂದು.

"ನಿಮ್ ಕೈಗುಣ ಅಕ್ಕಾ, ನನ್ ಕೂಸು ಉಳೀತು" ಎಂದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಲು ಬಾಗಿದಳು.

ನಾನು ಕೈ ಎಳೆದುಕೊಂಡೆ. ಗೇಟು ದಾಟಬಾರದ ಮಾತು ಬಾಯಿಗೆ ಬಂತು. ಬಂದದ್ದನ್ನು ನುಂಗಲಾಗಲಿಲ್ಲ. "ಹಾಗನ್ನಬೇಡಿ. ವಾರ್ಡಲ್ಲಿ ಒರೆಸೋ ಹತ್ತಿ ಕೆಟ್ಟಿತ್ತು. ಅದರಲ್ಲಿ ಒರೆಸಿ ಸೂಜಿ ಹಾಕ್ತಿದ್ದವಳು ನಾನೇ. ನಮಗೆ ಗೊತ್ತಿರಲಿಲ್ಲ. ನಿಮ್ಮ ಮಗೂಗೆ ಕಾಯಿಲೆ ಬಂದದ್ದೂ ಬಹುಶಃ ಇದೇ ಕೈಯಿಂದ."

ಅವಳು ಅರ್ಥವಾಗದವಳಂತೆ ನನ್ನ ಮುಖ ನೋಡಿದಳು. ಆಮೇಲೆ ಅರ್ಥವಾಯಿತು. ಮಗುವನ್ನು ಎದೆಗೆ ಇನ್ನಷ್ಟು ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಹೋದಳು.

"ಯಾಕಕ್ಕಾ ಏಳುದ್ರಿ ಇದ್ನ?" ಎಂದಳು.

ಅವಳು ತಿರುಗಿ ನೋಡದೆ ಹೋದಳು. ಅವಳು ದೂರು ಕೊಡುತ್ತಾಳೆ, ನಾಳೆ ಕರೆ ಬರುತ್ತದೆ ಎಂದು ಆಮೇಲಿನ ದಿನಗಳಲ್ಲಿ ಫೋನು ಬಡಿದಾಗಲೆಲ್ಲ ಬೆಚ್ಚುತ್ತಿದ್ದೆ. ಕರೆ ಬರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಮಗುವನ್ನು ತೋರಿಸಲು ಅವಳು ಬಂದಳು. ಚಪ್ಪಾಳೆ ತಟ್ಟಿದರೆ ಮಗು ಬೆಚ್ಚುತ್ತದೆ, ಕಿವಿ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದರು. ಕಿಡ್ನಿ ನೋಡಲು ರಕ್ತ ಪರೀಕ್ಷೆಗೆ ಚೀಟಿ ಕೊಟ್ಟಿದ್ದರು. ಆ ವೇಳೆಗೆ ಹೊಸದಾಗಿ ಸೇರಿದ್ದ ಇನ್ನೊಬ್ಬ ಟೆಕ್ನಿಷಿಯನ್ ಇದ್ದಳು. ನಾನು ಅವಳಿಗೆ ಕಣ್ಣಲ್ಲೇ ಸನ್ನೆ ಮಾಡಿ ಒಳಕೋಣೆಗೆ ಹೊರಟೆ.

"ಆವಮ್ಮನೇ ತೆಗೀಲಿ" ಎಂದಳು ತಾಯಿ, ನನ್ನತ್ತ ಕೈ ತೋರಿಸಿ.

ನಿಂತೆ. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಮಗು ಕಣ್ಣು ಬಿಟ್ಟುಕೊಂಡು ಟ್ಯೂಬ್‌ಲೈಟ್ ನೋಡುತ್ತಿತ್ತು. ಸಿಂಕಿನ ಬಳಿ ಹೋಗಿ ತೋಳು ಮಡಚಿ ಸೋಪು ಹಚ್ಚಿ ಕೈ ತೊಳೆದೆ. ಅವಳು ಪಕ್ಕಕ್ಕೇ ಬಂದು ನಿಂತು, ಬೆರಳ ಸಂದುಗಳನ್ನೂ ಉಗುರುಗಳನ್ನೂ ದಿಟ್ಟಿಸಿ ನೋಡುತ್ತಿದ್ದಳು. ನಾನು ನಲ್ಲಿ ನಿಲ್ಲಿಸಲು ಹೋದೆ.

"ಇನ್ನೊಂದ್ಸಲ ತೊಳ್ಕಂಡ್ಬುಡಿ" ಎಂದಳು.

ತೊಳೆದುಕೊಂಡೆ.